ಹಲ್ಲಿಗೆ ಕ್ಯಾಪ್: ಹಾಕಿಸುವ ಮುಂಚೆ ಕೇಳಬೇಕಾದ್ದು, ಹಾಕಿಸಿದ ಮೇಲೆ ಮಾಡಬೇಕಾದ್ದು

ಡೊಂಬಿವಲಿಯ ನನ್ನ ಕ್ಲಿನಿಕ್ಕಿಗೆ ಬರುವ ಕನ್ನಡದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. "ರೂಟ್ ಕೆನಾಲ್ ಆಯ್ತಲ್ಲ, ನೋವೂ ಹೋಯ್ತು, ಇನ್ನು ಕ್ಯಾಪ್ ಯಾಕೆ ಡಾಕ್ಟ್ರೇ?" "ಯಾವ ಕ್ಯಾಪ್ ಒಳ್ಳೇದು?" "ಇಲ್ಲೇ ಹಾಕಿಸೋದಾ, ಊರಿಗೆ ಹೋದಾಗ ಹಾಕಿಸೋದಾ?" ಕೊನೆಗೆ, ಎದ್ದು ಹೊರಡುವಾಗ, "ಇನ್ನು ಆ ಹಲ್ಲಿಗೆ ಹುಳುಕು ಹಿಡಿಯೋದಿಲ್ಲ ಅಲ್ವಾ?"

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಹಿಡಿಯುತ್ತದೆ. ಕ್ಯಾಪ್‌ಗೆ ಹುಳುಕು ಹಿಡಿಯುವುದಿಲ್ಲ, ಅದರ ಅಡಿಯಲ್ಲಿರುವ ನಿಮ್ಮ ಸ್ವಂತ ಹಲ್ಲಿಗೆ ಹಿಡಿಯುತ್ತದೆ. ಕ್ಯಾಪಿನ ಅಂಚು ಹಲ್ಲಿಗೆ ಕೂಡುವ ಜಾಗ ವಸಡಿನ ಹತ್ತಿರ ಇರುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಶೀಟಿನ ಮಾಡು ಸೋರುವುದು ಶೀಟಿನ ನಡುವಿನಲ್ಲಲ್ಲ, ಜೋಡಣೆಯಲ್ಲಿ. ಇಲ್ಲೂ ಹಾಗೆಯೇ. ಈ ಲೇಖನದಲ್ಲಿ ಹೇಳುವ ಬಹುಪಾಲು ಎಚ್ಚರಿಕೆಗಳು ಆ ಅಂಚಿಗೆ ಸಂಬಂಧಪಟ್ಟವು.

1. ಕ್ಯಾಪ್ ನಿಜವಾಗಿ ಬೇಕಾ ಎಂದು ಕೇಳಿ

ಕ್ಯಾಪ್ ಅಂದರೆ ಹಲ್ಲಿನ ಹೊರಗೆ ಕಾಣುವ ಭಾಗವನ್ನು ಸುತ್ತಲೂ ಮುಚ್ಚುವ ಕವಚ. ಡಾಕ್ಟರು ಚೀಟಿಯಲ್ಲಿ ಕ್ರೌನ್ ಎಂದು ಬರೆಯುತ್ತಾರೆ, ಎರಡೂ ಒಂದೇ. ಹುಳುಕು ತೆಗೆದು ಸಿಮೆಂಟ್ ತುಂಬುವುದು ಬೇರೆ ಕೆಲಸ. ಹಲ್ಲಿನ ಗೋಡೆಗಳು ಗಟ್ಟಿಯಾಗಿದ್ದರೆ ತುಂಬಿಸಿದರೆ ಸಾಕು, ಕ್ಯಾಪ್ ಬೇಕಾಗಿಲ್ಲ.

ಬೇಕಾಗುವುದು ಯಾವಾಗ? ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿದ್ದಾಗ, ಹಲ್ಲಿನ ದೊಡ್ಡ ಭಾಗ ಮುರಿದಾಗ ಅಥವಾ ಬಿರುಕು ಬಿಟ್ಟಾಗ, ಹಿಂದೆ ತುಂಬಿಸಿದ ಸಿಮೆಂಟೇ ಹಲ್ಲಿಗಿಂತ ಜಾಸ್ತಿ ಇದ್ದಾಗ. ರೂಟ್ ಕೆನಾಲ್ ಅಂದರೆ ಹಲ್ಲಿನೊಳಗಿನ ನರ, ರಕ್ತನಾಳ ಇರುವ ಮೃದು ಭಾಗವನ್ನು ತೆಗೆದು, ಬೇರಿನ ಕೊಳವೆಗಳನ್ನು ಸ್ವಚ್ಛ ಮಾಡಿ ಮುಚ್ಚುವುದು. ಅದರಿಂದ ನೋವು ಹೋಗುತ್ತದೆ, ಆದರೆ ಹುಳುಕಿಗೂ ಚಿಕಿತ್ಸೆಗೂ ಹಲ್ಲಿನ ಒಳಭಾಗ ಬಹಳಷ್ಟು ಹೋಗಿರುತ್ತದೆ. ಉಳಿದ ಗೋಡೆಗಳು ಅಗಿಯುವ ಒತ್ತಡಕ್ಕೆ ಸೀಳಿಬಿಡಬಹುದು. ಸೀಳು ಬೇರಿನವರೆಗೆ ಇಳಿದರೆ ಹಲ್ಲು ಕೀಳುವುದೊಂದೇ ದಾರಿ. ನೋವಿಲ್ಲ ಅಂತ ಆರು ತಿಂಗಳು ಸುಮ್ನೆ ಬಿಟ್ಟು, ಕಡಲೆ ಕಡಿದು ಹಲ್ಲು ಎರಡು ಹೋಳಾಗಿ ಬಂದವರನ್ನು ನೋಡಿ ಸಾಕಾಗಿದೆ. ರೂಟ್ ಕೆನಾಲಿಗೆ ಕೊಟ್ಟ ದುಡ್ಡೂ ಹೋಯಿತು, ಹಲ್ಲೂ ಹೋಯಿತು. ಕೆಲವು ವಾರಗಳೊಳಗೆ ಕ್ಯಾಪ್ ಹಾಕಿಸಿ.

ಮುಂದಿನ ಹಲ್ಲಿನ ಮಾತು ಬೇರೆ. ಅದರ ಮೇಲೆ ಅಗಿಯುವ ಭಾರ ಕಡಿಮೆ. ಹಲ್ಲು ಹೆಚ್ಚು ಹಾಳಾಗಿರದಿದ್ದರೆ ರೂಟ್ ಕೆನಾಲ್ ಆದ ಮೇಲೂ ಕ್ಯಾಪ್ ಬೇಡವಾಗಬಹುದು. "ಇದಕ್ಕೆ ಬರೀ ಸಿಮೆಂಟ್ ಸಾಲದಾ?" ಎಂದು ಕೇಳಲು ಸಂಕೋಚ ಬೇಡ.

ಇನ್ನೊಂದು ವಿಷಯ ಕೇಳಿಕೊಳ್ಳಿ: ವಸಡಿನ ಮೇಲೆ ಗಟ್ಟಿ ಹಲ್ಲು ಎಷ್ಟು ಉಳಿದಿದೆ? ಸುತ್ತಲೂ ಸುಮಾರು 2 ಮಿ.ಮೀ. ಆದರೂ ಇದ್ದರೆ ಕ್ಯಾಪ್ ಹಿಡಿದು ನಿಲ್ಲುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಬೇರಿನೊಳಗೆ ಸಣ್ಣ ಕಡ್ಡಿ ಕೂರಿಸಿ ಅದರ ಮೇಲೆ ಹಲ್ಲನ್ನು ಕಟ್ಟಬೇಕಾಗುತ್ತದೆ. ಇದಕ್ಕೆ ಪೋಸ್ಟ್ ಅಂಡ್ ಕೋರ್ ಎನ್ನುತ್ತಾರೆ. ಕಡ್ಡಿಯು ಕಟ್ಟಿದ ಭಾಗವನ್ನು ಹಿಡಿಯುತ್ತದೆಯೇ ಹೊರತು ಹಲ್ಲಿಗೆ ಬಲ ಕೊಡುವುದಿಲ್ಲ. ಹಲ್ಲು ತೀರಾ ಕಡಿಮೆ ಉಳಿದಿದ್ದರೆ ಅದರ ಮೇಲೆ ದುಬಾರಿ ಕ್ಯಾಪ್ ಹಾಕಿ ಪ್ರಯೋಜನವಿಲ್ಲ ಎಂದು ಹೇಳುವ ಡಾಕ್ಟರು ನಿಮ್ಮ ದುಡ್ಡು ಉಳಿಸುತ್ತಿದ್ದಾರೆ ಎಂದು ತಿಳಿಯಿರಿ.

2. ಇಲ್ಲಿ ಹಾಕಿಸೋದಾ, ಊರಲ್ಲಿ ಹಾಕಿಸೋದಾ?

ಮಂಗಳೂರು, ಉಡುಪಿ ಕಡೆಯವರಿಗೆ ಮಣಿಪಾಲದ, ಮಂಗಳೂರಿನ ದಂತ ಕಾಲೇಜುಗಳ ನೆನಪು. ಪುಣೆಯಲ್ಲಿರುವ ಉತ್ತರ ಕರ್ನಾಟಕದವರಿಗೆ ಧಾರವಾಡದ ಎಸ್‌ಡಿಎಂ ನೆನಪು. ಕೆಲಸ ಅಲ್ಲಿ ಚೆನ್ನಾಗಿಯೇ ಆಗುತ್ತದೆ. ಆದರೆ ಕ್ಯಾಪ್ ಒಂದು ದಿನದ ಕೆಲಸವಲ್ಲ. ಹಲ್ಲು ಕೊರೆಯಲು ಒಮ್ಮೆ, ಕೂರಿಸಲು ಒಮ್ಮೆ, ಕಚ್ಚುವಾಗ ಎತ್ತರ ಅನಿಸಿದರೆ ಇನ್ನೊಮ್ಮೆ ಹೋಗಬೇಕು. ಊರಲ್ಲಿ ಹದಿನೈದು ದಿನ ಇರುವವರು ಅಲ್ಲೇ ಮಾಡಿಸಬಹುದು. ಮದುವೆಗೆಂದು ನಾಲ್ಕು ದಿನ ಹೋಗುವವರು ಬೇಡ. ರೂಟ್ ಕೆನಾಲ್ ಇಲ್ಲಿ, ಕ್ಯಾಪ್ ಅಲ್ಲಿ ಎಂದಾದರೆ ಎಕ್ಸ್‌ರೇಗಳನ್ನು ಜೊತೆಗೆ ಒಯ್ಯಿರಿ. ಮೊಬೈಲಿನಲ್ಲಿ ಸ್ಪಷ್ಟ ಫೋಟೋ ಇದ್ದರೂ ಆದೀತು.

ಖರ್ಚಿನ ಚಿಂತೆ ಇರುವವರಿಗೆ ಸರ್ಕಾರಿ ಕಾಲೇಜುಗಳಿವೆ. ಮುಂಬಯಿಯಲ್ಲಿ ಸಿಎಸ್‌ಎಂಟಿ ರೈಲು ನಿಲ್ದಾಣದ ಪಕ್ಕದ ಸೇಂಟ್ ಜಾರ್ಜ್ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ದಂತ ಕಾಲೇಜಿದೆ. ಮುಂಬಯಿ ಸೆಂಟ್ರಲ್‌ನಲ್ಲಿ ಮಹಾನಗರಪಾಲಿಕೆಯ ನಾಯರ್ ದಂತ ಆಸ್ಪತ್ರೆ ಇದೆ. ಗೋವಾದವರಿಗೆ ಬಾಂಬೋಳಿಯ ಗೋವಾ ದಂತ ಕಾಲೇಜು. ಪುಣೆಯಲ್ಲಿ ಧನಕವಡಿಯ ಭಾರತಿ ವಿದ್ಯಾಪೀಠದಂಥ ಖಾಸಗಿ ದಂತ ಕಾಲೇಜುಗಳಿವೆ. ಕ್ಯಾಪ್ ಮಾಡುವುದು ಪ್ರಾಸ್ತೊಡಾಂಟಿಕ್ಸ್ ಎಂಬ ವಿಭಾಗದಲ್ಲಿ. ಆ ಹೆಸರು ಕಷ್ಟವಾದರೆ "ಕ್ಯಾಪ್ ವಿಭಾಗ" ಎಂದರೂ ಕೌಂಟರಿನವರು ತೋರಿಸುತ್ತಾರೆ. ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ, ಮೇಲಿನವರು ಒಂದೊಂದು ಹಂತವನ್ನೂ ನೋಡುತ್ತಾರೆ. ಖರ್ಚು ಕಡಿಮೆ, ಓಡಾಟ ಜಾಸ್ತಿ. ರಜೆ ಸಿಗದವರಿಗೆ ಆ ಓಡಾಟವೇ ದುಬಾರಿ.

ಊರಿನಿಂದ ಬಂದ ಅಮ್ಮನನ್ನೋ ಅತ್ತೆಯನ್ನೋ ಇಲ್ಲಿನ ಕ್ಲಿನಿಕ್ಕಿಗೆ ಕರೆದೊಯ್ಯುವಾಗ ಒಂದು ಸಲಹೆ. ಮರಾಠಿ, ಹಿಂದಿ ಬಾರದಿದ್ದರೆ ಅವರು ಎಲ್ಲದಕ್ಕೂ ತಲೆಯಾಡಿಸಿಬಿಡುತ್ತಾರೆ. ಜೊತೆಗೆ ಒಳಗೆ ಹೋಗಿ. ಸಕ್ಕರೆ ಕಾಯಿಲೆ, ಹೃದಯದ ಕವಾಟದ ಆಪರೇಷನ್, ರಕ್ತ ತೆಳುವಾಗಿಸುವ ಮಾತ್ರೆ, ಯಾವುದಾದರೂ ಅಲರ್ಜಿ, ಇವನ್ನೆಲ್ಲ ಚೀಟಿಯಲ್ಲಿ ಬರೆದುಕೊಡಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

3. ಯಾವುದರ ಕ್ಯಾಪ್?

ಎಲ್ಲಕ್ಕಿಂತ ಹೆಚ್ಚು ಜಗ್ಗಾಟ ನಡೆಯುವುದು ಇಲ್ಲಿ.

ಪೂರ್ತಿ ಲೋಹದ್ದು: ನೋಡಲು ಚೆನ್ನಾಗಿಲ್ಲ, ಬಾಳಿಕೆ ಚೆನ್ನಾಗಿದೆ. ಹಲ್ಲನ್ನು ಕಡಿಮೆ ಕೊರೆದರೆ ಸಾಕು. ನಗುವಾಗ ಕಾಣದ ಕೊನೆಯ ದವಡೆ ಹಲ್ಲಿಗೆ, ಬಜೆಟ್ ಕಡಿಮೆ ಇದ್ದಾಗ, ನನ್ನ ಮಟ್ಟಿಗೆ ಇದು ಈಗಲೂ ಒಳ್ಳೆಯ ಆಯ್ಕೆ. ಯಾರಿಗೂ ಬೇಡವಾಗಿದೆ, ಅಷ್ಟೇ.

ಒಳಗೆ ಲೋಹ, ಮೇಲೆ ಸಿರಾಮಿಕ್: ಚೀಟಿಯಲ್ಲಿ ಪಿಎಫ್‌ಎಂ ಎಂದಿರುತ್ತದೆ. ಹಲ್ಲಿನ ಬಣ್ಣವೇ ಇರುತ್ತದೆ. ಎರಡು ತೊಂದರೆಗಳಿವೆ. ಮೇಲಿನ ಸಿರಾಮಿಕ್ ಚಕ್ಕೆ ಏಳಬಹುದು. ವರ್ಷಗಳು ಕಳೆದು ವಸಡು ಕೆಳಗೆ ಸರಿದಾಗ ಅಂಚಿನಲ್ಲಿ ಕಪ್ಪು ಗೆರೆ ಕಾಣಬಹುದು.

ಜಿರ್ಕೋನಿಯಾ: ಲೋಹವಿಲ್ಲದ, ಬಹಳ ಗಟ್ಟಿಯಾದ ಬಿಳಿ ಸಾಮಗ್ರಿ. ಕಪ್ಪು ಗೆರೆಯ ತಾಪತ್ರಯವಿಲ್ಲ. ದವಡೆ ಹಲ್ಲಿಗೆ ಈಗ ಹೆಚ್ಚಿನವರು ಇದನ್ನೇ ಹಾಕಿಸುತ್ತಾರೆ. ಬೆಲೆ ಜಾಸ್ತಿ.

ಇ-ಮ್ಯಾಕ್ಸ್ ಎಂದು ಕರೆಯುವ ಗಾಜಿನಂಥ ಸಿರಾಮಿಕ್: ಬೆಳಕು ಒಳಗೆ ಹಾಯುವುದರಿಂದ ಸಹಜ ಹಲ್ಲಿನ ಹಾಗೇ ಕಾಣುತ್ತದೆ. ಮುಂದಿನ ಹಲ್ಲಿಗೆ ಸೊಗಸು.

ಇಮಿಟೇಷನ್ ಓಲೆ ಹಾಕಿದರೆ ಕಿವಿ ತುರಿಸುತ್ತದಾ? ಅದಕ್ಕೆ ನಿಕ್ಕಲ್ ಅಲರ್ಜಿ ಕಾರಣವಿರಬಹುದು. ಅಗ್ಗದ ಲೋಹದ ಕ್ಯಾಪುಗಳಲ್ಲಿ ಎಷ್ಟೋ ಸಲ ನಿಕ್ಕಲ್ ಇರುತ್ತದೆ. ಮೊದಲೇ ಹೇಳಿಬಿಡಿ.

ವಾರಂಟಿ ಕಾರ್ಡನ್ನು ನೋಡಿ ಮರುಳಾಗುವವರು ಬಹಳ. "ಹದಿನೈದು ವರ್ಷ ಗ್ಯಾರಂಟಿ ಅಂತೆ" ಎನ್ನುತ್ತಾರೆ. ಆ ಕಾರ್ಡ್ ಸಾಮಾನ್ಯವಾಗಿ ಕ್ಯಾಪ್ ಒಡೆದರೆ ಇನ್ನೊಂದು ಮಾಡಿಕೊಡುವುದಕ್ಕೆ. ಅಡಿಯ ಹಲ್ಲಿಗೆ ಹುಳುಕು ಹಿಡಿದರೆ, ವಸಡು ಹಾಳಾದರೆ ಅದಕ್ಕೆ ಸಂಬಂಧವಿಲ್ಲ. ಕಾರ್ಡ್ ಬೇಡ ಎನ್ನುತ್ತಿಲ್ಲ, ಕೇಳಿ ಪಡೆಯಿರಿ. ನಿಮ್ಮ ಬಾಯಲ್ಲಿ ಯಾವ ಸಾಮಗ್ರಿ ಇದೆ ಎಂಬುದಕ್ಕೆ ಅದು ದಾಖಲೆ. ಮುಂದೆ ತಲೆಯ ಎಂಆರ್‌ಐ ಮಾಡಿಸಬೇಕಾದಾಗ ಅಲ್ಲಿನವರಿಗೆ ಹೇಳಲೂ ಬೇಕು, ಏಕೆಂದರೆ ಲೋಹದ ಕ್ಯಾಪ್ ಚಿತ್ರವನ್ನು ಕೆಡಿಸಬಹುದು.

ದರ ಕೇಳುವಾಗ ಒಟ್ಟು ಲೆಕ್ಕ ಬರೆಸಿಕೊಳ್ಳಿ. ರೂಟ್ ಕೆನಾಲ್, ಕಡ್ಡಿ, ತಾತ್ಕಾಲಿಕ ಕ್ಯಾಪ್, ಕೊನೆಯ ಕ್ಯಾಪ್, ಯಾವುದು ಸೇರಿದೆ, ಯಾವುದು ಸೇರಿಲ್ಲ? ಹಲ್ಲಿಲ್ಲದ ಜಾಗ ತುಂಬಲು ಅಕ್ಕಪಕ್ಕದ ಹಲ್ಲುಗಳನ್ನು ಹಿಡಿದು ಬ್ರಿಡ್ಜ್ ಹಾಕುವುದಾದರೆ ದರ ಯೂನಿಟ್ ಲೆಕ್ಕದಲ್ಲಿರುತ್ತದೆ. ಒಂದು ಹಲ್ಲಿನ ಜಾಗಕ್ಕೆ ಸಾಮಾನ್ಯವಾಗಿ ಮೂರು ಯೂನಿಟ್: ಖಾಲಿ ಜಾಗದ್ದು ಒಂದು, ಅಕ್ಕಪಕ್ಕದ ಹಲ್ಲುಗಳದ್ದು ಎರಡು. ಗಲಾಟೆ ಆಗುವುದು ಇಲ್ಲಿಯೇ.

4. ಹಲ್ಲು ಕೊರೆಯುವ ದಿನ

ಊಟ ಮಾಡಿ ಹೋಗಿ. ಜೀವವಿರುವ, ಅಂದರೆ ರೂಟ್ ಕೆನಾಲ್ ಆಗದ ಹಲ್ಲಾದರೆ ಮರಗಟ್ಟಲು ಇಂಜೆಕ್ಷನ್ ಕೊಡುತ್ತಾರೆ, ತುಟಿ ಕೆಲವು ಗಂಟೆ ಜೋಮು ಹಿಡಿದಿರುತ್ತದೆ. ಆಗ ಬಿಸಿ ಚಹಾ ಕುಡಿದು ಬಾಯಿ ಸುಟ್ಟುಕೊಳ್ಳುವವರು, ಗೊತ್ತಾಗದೆ ಕೆನ್ನೆ ಕಚ್ಚಿಕೊಳ್ಳುವವರು ಇದ್ದಾರೆ.

ಕ್ಯಾಪ್ ಕೂರಲು ಜಾಗ ಬೇಕಲ್ಲ, ಅದಕ್ಕೆ ಹಲ್ಲನ್ನು ಸುತ್ತಲೂ, ಮೇಲೂ ಕೊರೆಯುತ್ತಾರೆ. ಸಾಮಗ್ರಿಗೆ ತಕ್ಕಂತೆ 1ರಿಂದ 2 ಮಿ.ಮೀ. ಹೋಗಬಹುದು. ಕೊರೆದದ್ದು ಮತ್ತೆ ಬೆಳೆಯುವುದಿಲ್ಲ. ಬರೀ ಚೆಂದಕ್ಕಾಗಿ ಗಟ್ಟಿ ಹಲ್ಲುಗಳಿಗೆ ಸಾಲಾಗಿ ಕ್ಯಾಪ್ ಹಾಕಿಸಲು ಹೊರಟವರು ಈ ಮಾತನ್ನು ಎರಡು ಸಲ ಓದಿ.

ಬಣ್ಣ ಆರಿಸುವುದು ಕೊರೆಯುವ ಮೊದಲು ಆಗಬೇಕು. ಬಾಯಿ ತೆರೆದು ಹಲ್ಲು ಒಣಗಿದರೆ ಅದು ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಕಿಟಕಿಯ ಬೆಳಕಿನಲ್ಲಿ ನೋಡಿ, ಲಿಪ್‌ಸ್ಟಿಕ್ ಒರೆಸಿಕೊಳ್ಳಿ. ಹಲ್ಲು ಬಿಳುಪು ಮಾಡಿಸುವ ಯೋಚನೆ ಇದ್ದರೆ ಅದನ್ನು ಮೊದಲೇ ಮುಗಿಸಿ, ಏಕೆಂದರೆ ಆಮೇಲೆ ಕ್ಯಾಪಿನ ಬಣ್ಣ ಬದಲಾಗುವುದಿಲ್ಲ.

ನಂತರ ಅಚ್ಚು ತೆಗೆಯುತ್ತಾರೆ, ಇಲ್ಲವೇ ಪುಟ್ಟ ಕ್ಯಾಮೆರಾ ಬಾಯೊಳಗೆ ಇಟ್ಟು ಸ್ಕ್ಯಾನ್ ಮಾಡುತ್ತಾರೆ. ವಾಕರಿಕೆ ಬರುವವರು ಮೂಗಿನಿಂದ ನಿಧಾನವಾಗಿ ಉಸಿರಾಡಿ. ಅಚ್ಚು ಲ್ಯಾಬಿಗೆ ಹೋಗಿ ಕ್ಯಾಪ್ ಬರಲು ಸುಮಾರು ಒಂದು ವಾರ ಹಿಡಿಯುತ್ತದೆ. ಗಣಪತಿ, ದೀಪಾವಳಿ ವಾರದಲ್ಲಿ ತಡವಾಗುತ್ತದೆ, ಲ್ಯಾಬಿನ ಹುಡುಗರಿಗೂ ಊರಿದೆ.

5. ತಾತ್ಕಾಲಿಕ ಕ್ಯಾಪ್ ಇರುವ ದಿನಗಳು

ಕೊರೆದ ಹಲ್ಲನ್ನು ಬರಿದಾಗಿ ಬಿಡಬಾರದು. ಬಿಟ್ಟರೆ ಜುಂ ಎನ್ನುತ್ತದೆ, ಪಕ್ಕದ ಹಲ್ಲು ಜಾಗಕ್ಕೆ ಸರಿಯುತ್ತದೆ, ಆಮೇಲೆ ಲ್ಯಾಬಿನಿಂದ ಬಂದ ಕ್ಯಾಪ್ ಕೂರುವುದಿಲ್ಲ. ಅದಕ್ಕೆ ಪ್ಲಾಸ್ಟಿಕ್ಕಿನಂಥ ತಾತ್ಕಾಲಿಕ ಕ್ಯಾಪನ್ನು ಬೇಕೆಂದೇ ಬಲ ಕಡಿಮೆ ಇರುವ ಸಿಮೆಂಟಿನಲ್ಲಿ ಅಂಟಿಸುತ್ತಾರೆ. ಲವಂಗದ ವಾಸನೆ ಬರುವುದು ಅದರಿಂದಲೇ.

ಆ ಬದಿಯಲ್ಲಿ ಅಗಿಯಬೇಡಿ. ಅಂಟಾದದ್ದು ಬೇಡವೇ ಬೇಡ. ಸಂಕ್ರಾಂತಿಯ ಮರುದಿನ ಬರುವ ಫೋನ್‌ಗಳಲ್ಲಿ ತಿಳಗುಳದ, ಅಂದರೆ ಎಳ್ಳು ಬೆಲ್ಲದ ಉಂಡೆಯ, ಪಾಲು ದೊಡ್ಡದು. ಅವಲಕ್ಕಿ, ಅನ್ನ ಸಾರು, ಇಡ್ಲಿ ತಿಂದುಕೊಂಡಿರಿ. ಹಲ್ಲಿನ ಸಂದಿಗೆ ಸ್ವಚ್ಛ ಮಾಡುವ ದಾರ (ಫ್ಲಾಸ್) ಹಾಕಿದರೆ ಮೇಲಕ್ಕೆ ಎಳೆಯಬೇಡಿ, ಬದಿಯಿಂದ ಜಾರಿಸಿ ತೆಗೆಯಿರಿ. ಬಿದ್ದುಹೋದರೆ ಮಾರನೇ ದಿನವೇ ಹೋಗಿ ಕೂರಿಸಿಕೊಳ್ಳಿ. "ಹೇಗಿದ್ದರೂ ಭಾನುವಾರ ಒರಿಜಿನಲ್ ಬರುತ್ತಲ್ಲ" ಎಂದು ಕಾಯಬೇಡಿ.

6. ಕೂರಿಸುವ ದಿನ: ಅವಸರ ಬೇಡ

ಇಡೀ ಕೆಲಸದಲ್ಲಿ ನೀವು ಗಮನವಿಟ್ಟು ಕೂರಬೇಕಾದ ದಿನ ಇದು. ಒಮ್ಮೆ ಗಟ್ಟಿ ಸಿಮೆಂಟ್ ಹಾಕಿದರೆ ಸಾಮಾನ್ಯವಾಗಿ ಕ್ಯಾಪನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಆದ್ದರಿಂದ ಸಿಮೆಂಟ್ ಹಾಕುವ ಮುಂಚೆ, ಸುಮ್ನೆ ಇಟ್ಟು ನೋಡುವಾಗಲೇ ನಿಮ್ಮ ಅನುಮಾನ ಹೇಳಿ. 6.20ರ ಲೋಕಲ್ ಹಿಡಿಯಬೇಕು ಅಂತ ತಲೆಯಾಡಿಸಬೇಡಿ.

ಕನ್ನಡಿ ಕೇಳಿ. ಬಣ್ಣ, ಆಕಾರ ನೋಡಿ. ಕ್ಯಾಪಿನ ಎರಡೂ ಬದಿಯ ಹಲ್ಲುಗಳ ನಡುವೆ ದಾರ ಹಾಕಿ ನೋಡಲು ಡಾಕ್ಟರಿಗೆ ಹೇಳಿ. ದಾರ ತುಸು ಬಿಗಿಯಾಗಿ ಇಳಿಯಬೇಕು. ಸಡಿಲವಾಗಿ ಇಳಿದರೆ ಪ್ರತಿ ಊಟಕ್ಕೂ ಅಲ್ಲಿ ತೊಗರಿಬೇಳೆ ಸಿಕ್ಕಿಕೊಳ್ಳುತ್ತದೆ, ಇಳಿಯದೇ ಹೋದರೆ ಸ್ವಚ್ಛ ಮಾಡಲು ಆಗುವುದಿಲ್ಲ. ವಸಡಿನ ಹತ್ತಿರ ಅಂಚು ಎಲ್ಲಾದರೂ ಚಾಚಿಕೊಂಡಿದೆಯಾ ಎಂದು ಅವರು ಮೊನಚಾದ ಸಲಕರಣೆಯಿಂದ ಮುಟ್ಟಿ ನೋಡುತ್ತಾರೆ, ಕೆಲವೊಮ್ಮೆ ಎಕ್ಸ್‌ರೇ ತೆಗೆಯುತ್ತಾರೆ. ಅದು ದುಡ್ಡಿಗೆ ಅಂದುಕೊಳ್ಳಬೇಡಿ. ಅಂಚು ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಪೂರ್ತಿ ಕಾಣುವುದಿಲ್ಲ.

ಆಮೇಲೆ ಬಣ್ಣದ ಕಾಗದ ಕಚ್ಚಿಸುತ್ತಾರೆ. ಜಾಸ್ತಿ ತಾಗುವ ಜಾಗದಲ್ಲಿ ಗುರುತು ಬೀಳುತ್ತದೆ, ಅಲ್ಲಿ ಉಜ್ಜುತ್ತಾರೆ. ನೇರ ಕಚ್ಚಿದರೆ ಸಾಲದು, ಅಗಿಯುವ ಹಾಗೆ ಎಡಕ್ಕೆ, ಬಲಕ್ಕೆ ದವಡೆ ಆಡಿಸಿ. ಎಲ್ಲಕ್ಕಿಂತ ಮೊದಲು ಕ್ಯಾಪೇ ತಾಗುತ್ತಿದೆ ಅನಿಸಿದರೆ ಹೇಳಿಬಿಡಿ. "ನಾಲ್ಕು ದಿನದಲ್ಲಿ ಅಭ್ಯಾಸ ಆಗುತ್ತೆ" ಎಂಬ ಮಾತು ನಾಲಿಗೆಗೆ ಹೊಸದೆನಿಸುವುದಕ್ಕೆ ಸರಿ, ಎತ್ತರಕ್ಕೆ ಸರಿಯಲ್ಲ. ಎತ್ತರದ ಕ್ಯಾಪ್ ಕಚ್ಚಿ ಕಚ್ಚಿ ಬೇರಿನ ಸುತ್ತ ನೋವು ಬರುತ್ತದೆ, ಎದುರಿನ ಹಲ್ಲೂ ನೋಯುತ್ತದೆ, ಸಿರಾಮಿಕ್ ಚಕ್ಕೆ ಏಳುತ್ತದೆ. ಬಾಯಿ ಮರಗಟ್ಟಿದ್ದರೆ ಆ ದಿನ ಸರಿಯಾಗಿ ಗೊತ್ತಾಗುವುದಿಲ್ಲ. ಮರುದಿನ ಎತ್ತರ ಅನಿಸಿದರೆ ಮತ್ತೆ ಹೋಗಿ. ಐದು ನಿಮಿಷದ ಕೆಲಸ.

ಮೊದಲ ದಿನ ಆ ಬದಿಯಲ್ಲಿ ಗಟ್ಟಿಯಾದದ್ದು ಬೇಡ. ಜೀವವಿರುವ ಹಲ್ಲಾದರೆ ಕೆಲವು ದಿನ ತಣ್ಣಗಿನದು, ಬಿಸಿಯದು ತಾಗಿದಾಗ ಜುಂ ಎನ್ನಬಹುದು. ಅದು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಜಾಸ್ತಿಯಾಗುತ್ತಿದ್ದರೆ, ರಾತ್ರಿ ನಿದ್ದೆ ಕೆಡಿಸಿದರೆ, ತೋರಿಸಿ.

7. ದಿನದಿನದ ಆರೈಕೆ

ದಿನಕ್ಕೆ ಎರಡು ಸಲ, ಮೆತ್ತನೆ ಬ್ರಷ್, ಎರಡು ನಿಮಿಷ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಬ್ರಷ್ ಇಡುವ ಜಾಗ. ಕ್ಯಾಪಿನ ಬೆಳ್ಳನೆ ಹೊಟ್ಟೆಯನ್ನು ತಿಕ್ಕಿ ಹೊಳೆಸಿ ಪ್ರಯೋಜನವಿಲ್ಲ. ಬ್ರಷ್ಷಿನ ಕೂದಲನ್ನು ವಸಡಿನ ಕಡೆಗೆ ಓರೆಯಾಗಿ ಹಿಡಿದು, ವಸಡೂ ಕ್ಯಾಪೂ ಸೇರುವ ಗೆರೆಯಲ್ಲಿ ಸಣ್ಣಗೆ ಆಡಿಸಿ. ನಾಲಿಗೆ ಕಡೆಯ ಅಂಚನ್ನು ಮರೆಯಬೇಡಿ. ಹೆಚ್ಚಿನವರು ಅಲ್ಲಿಗೆ ಹೋಗುವುದೇ ಇಲ್ಲ.

ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ, 1,000 ಪಿಪಿಎಂ ಅಥವಾ ತುಸು ಹೆಚ್ಚು. ಗಿಡಮೂಲಿಕೆಯ ಎಷ್ಟೋ ಪೇಸ್ಟುಗಳಲ್ಲಿ ಅದು ಇರುವುದಿಲ್ಲ, ಪೊಟ್ಟಣದ ಹಿಂಬದಿ ಓದಿ. ಇದ್ದಿಲು, ಉಪ್ಪು, ಕೆಂಪು ಹಲ್ಲುಪುಡಿ ಬೇಡ, ಒರಟು ಪುಡಿ ಅಂಚಿನ ಹತ್ತಿರ ಬೇರನ್ನು ಸವೆಸುತ್ತದೆ. ಇಲ್ಲಿನ ಕೆಲವು ಮನೆಗಳಲ್ಲಿ ಹುರಿದ ಹೊಗೆಸೊಪ್ಪಿನ ಮಶೇರಿ ಹಚ್ಚುವ ರೂಢಿ ಇದೆ. ನೆರೆಮನೆಯವರು ಹಲ್ಲುನೋವಿಗೆ ಒಳ್ಳೇದು ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ವಸಡಿಗೂ ಕೆಟ್ಟದ್ದು, ಬಾಯಿ ಕ್ಯಾನ್ಸರಿಗೂ ದಾರಿ.

ಬ್ರಷ್ ಹಲ್ಲಿನ ಸಂದಿಗೆ ಹೋಗುವುದಿಲ್ಲ. ಕ್ಯಾಪಿನ ಅಡಿಯ ಹುಳುಕು ಎಷ್ಟೋ ಸಲ ಶುರುವಾಗುವುದು ಅಲ್ಲೇ. ದಿನಕ್ಕೊಮ್ಮೆ, ರಾತ್ರಿ, ಫ್ಲಾಸ್ ಎನ್ನುವ ಹಲ್ಲಿನ ದಾರ ಹಾಕಿ. ದಾರವನ್ನು ಗರಗಸದ ಹಾಗೆ ವಸಡಿಗೆ ಒತ್ತಬೇಡಿ. ಕ್ಯಾಪಿನ ಬದಿಗೆ ಬಾಗಿಸಿ, ಮೇಲೆ ಕೆಳಗೆ ಉಜ್ಜಿ. ಸಂದಿ ಅಗಲವಿದ್ದರೆ ಸಂದಿಗೇ ಮಾಡಿದ ಪುಟ್ಟ ಬ್ರಷ್ ಸಿಗುತ್ತದೆ, ವಯಸ್ಸಾದವರಿಗೆ ಅದು ಸುಲಭ. ಬ್ರಿಡ್ಜ್ ಇದ್ದವರಿಗೆ ನಡುವಿನ ಹಲ್ಲಿನ ಅಡಿಯಿಂದ ತೂರಿಸಲು ತುದಿ ಗಟ್ಟಿಯಾದ ದಾರ ಬೇರೆ ಇದೆ. ಸೇಫ್ಟಿ ಪಿನ್ನು, ಬೆಂಕಿಕಡ್ಡಿ ದೂರವಿಡಿ.

ತಿನ್ನುವುದರ ಬಗ್ಗೆ ಹೆದರಿಸುವುದಿಲ್ಲ. ಕೋರಿ ರೊಟ್ಟಿ ಸಾರಿನಲ್ಲಿ ನೆನೆದ ಮೇಲೆ ಯಾವ ಕ್ಯಾಪಿಗೂ ಏನೂ ಆಗುವುದಿಲ್ಲ. ಬೇಡದ್ದು ಅಡಿಕೆ ಕಡಿಯುವುದು, ಐಸ್ ಜಗಿಯುವುದು, ಮೂಳೆ ಮುರಿಯುವುದು, ಹಲ್ಲಿನಿಂದ ಬಾಟಲಿ ಬಿಚ್ಚುವುದು. ಜಿರ್ಕೋನಿಯಾ ಗಟ್ಟಿ ನಿಜ, ಅಡಿಯ ಹಲ್ಲು ಹಳೆಯದೇ. ಲೋಣಾವಳದ ಚಿಕ್ಕಿ, ಗಟ್ಟಿ ಚಕ್ಕುಲಿ ಬಿಡಲಾಗದಿದ್ದರೆ ಪುಡಿ ಮಾಡಿ ಇನ್ನೊಂದು ಬದಿಯಲ್ಲಿ ತಿನ್ನಿ. ದಿನಕ್ಕೆ ಐದಾರು ಸಲ ಸಕ್ಕರೆ ಹಾಕಿದ ಚಹಾ ಗುಟುಕರಿಸುವ ಆಫೀಸಿನವರಿಗೆ ಅಂಚಿನ ಹುಳುಕು ಬೇಗ.

ಬೆಳಿಗ್ಗೆ ಎದ್ದಾಗ ದವಡೆ ಬಿಗಿದು ನೋಯುತ್ತದಾ? ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಿ ಎಂದು ಮನೆಯವರು ಹೇಳುತ್ತಾರಾ? ರಾತ್ರಿ ಹಾಕಿಕೊಳ್ಳುವ ನೈಟ್ ಗಾರ್ಡ್ ಮಾಡಿಸಿ. ಮೆಡಿಕಲ್ ಅಂಗಡಿಯ ರೆಡಿಮೇಡ್ ಅಲ್ಲ, ನಿಮ್ಮ ಹಲ್ಲಿನ ಅಚ್ಚು ತೆಗೆದು ಮಾಡಿದ್ದು.

ಇನ್ನು, ಜನ ಸುಲಭವಾಗಿ ನಂಬದ ಒಂದು ವಿಷಯ. ರೂಟ್ ಕೆನಾಲ್ ಆದ ಹಲ್ಲಿನಲ್ಲಿ ನರವೇ ಇಲ್ಲ. ಕ್ಯಾಪಿನ ಅಡಿಯಲ್ಲಿ ಹುಳುಕು ಹಿಡಿದರೂ ಜುಂ ಎನ್ನುವುದಿಲ್ಲ, ನೋಯುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕ್ಯಾಪ್ ಹಲ್ಲಿನ ಸಮೇತ ಕೈಗೆ ಬಂದಿರುತ್ತದೆ. ಹಾಗಾಗಿ ನೋವಿಲ್ಲದಿದ್ದರೂ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತೋರಿಸಿ. ಎಕ್ಸ್‌ರೇ ಯಾವಾಗ ಬೇಕೆಂದು ಡಾಕ್ಟರು ಹೇಳುತ್ತಾರೆ.

8. ಸಡಿಲವಾದರೆ, ಬಿದ್ದರೆ

ಕ್ಯಾಪಿನ ಹತ್ತಿರ ಕೆಟ್ಟ ವಾಸನೆ, ವಸಡಿನಲ್ಲಿ ರಕ್ತ, ಹೊಸದಾಗಿ ಊಟ ಸಿಕ್ಕಿಕೊಳ್ಳುವುದು, ಕಚ್ಚಿದಾಗ ಅಲುಗಾಡಿದ ಹಾಗೆ ಅನಿಸುವುದು, ಇವು ಬೀಳುವ ಮುಂಚಿನ ಸೂಚನೆಗಳು.

ಬಿದ್ದೇಬಿಟ್ಟರೆ ಎಸೆಯಬೇಡಿ. ನೀರಿನಲ್ಲಿ ತೊಳೆದು ಗಟ್ಟಿ ಡಬ್ಬಿಯಲ್ಲಿಡಿ. ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟದ್ದು ಕಸದ ಬುಟ್ಟಿಗೆ ಹೋಗುತ್ತದೆ. ಎರಡು ಮೂರು ದಿನದೊಳಗೆ ಕ್ಲಿನಿಕ್ಕಿಗೆ ಹೋಗಿ. ಅಡಿಯ ಹಲ್ಲು ಸರಿ ಇದ್ದರೆ ಅದೇ ಕ್ಯಾಪನ್ನು ಮತ್ತೆ ಕೂರಿಸಬಹುದು. ಫೆವಿಕ್ವಿಕ್ ಹಾಕಬೇಡಿ. ಹಾಕಿಕೊಂಡು ಬಂದವರಿದ್ದಾರೆ. ಓರೆಯಾಗಿ ಅಂಟಿದರೆ ಕ್ಯಾಪೂ ಹಾಳು, ವಸಡೂ ಸುಡುತ್ತದೆ. ಬಿದ್ದ ಕ್ಯಾಪನ್ನು ಬರೀ ಹಾಗೇ ಕೂರಿಸಿಕೊಂಡು ಮಲಗಬೇಡಿ, ನಿದ್ದೆಯಲ್ಲಿ ಗಂಟಲಿಗೆ ಇಳಿಯಬಹುದು.

ನುಂಗಿಬಿಟ್ಟರೆ? ಹೊಟ್ಟೆಗೆ ಹೋದದ್ದು ಹೆಚ್ಚಾಗಿ ತಾನೇ ಹೊರಗೆ ಹೋಗುತ್ತದೆ, ಆದರೂ ಡಾಕ್ಟರಿಗೆ ತಿಳಿಸಿ. ನುಂಗಿದ ಹೊತ್ತಿನಿಂದ ಕೆಮ್ಮು ನಿಲ್ಲದಿದ್ದರೆ, ಉಸಿರಿನಲ್ಲಿ ಸೀಟಿಯ ಸದ್ದು ಬಂದರೆ, ಉಸಿರು ಕಟ್ಟಿದ ಹಾಗಾದರೆ, ಅದು ಶ್ವಾಸನಾಳಕ್ಕೆ ಹೋಗಿರಬಹುದು. ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಮುಖ, ಕುತ್ತಿಗೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಕಷ್ಟವಾದರೂ ಅಷ್ಟೇ. ಬೆಳಿಗ್ಗೆ ನೋಡೋಣ ಎನ್ನಬೇಡಿ.

9. ಬದಲಾಯಿಸುವುದು ಯಾವಾಗ

ಚೆನ್ನಾಗಿ ನೋಡಿಕೊಂಡರೆ ಒಂದು ಕ್ಯಾಪ್ ಸಾಮಾನ್ಯವಾಗಿ 10ರಿಂದ 15 ವರ್ಷ ಬಾಳುತ್ತದೆ. ಇಪ್ಪತ್ತು ದಾಟುವುದೂ ಇದೆ. ವರ್ಷ ತುಂಬಿತು ಎಂಬ ಒಂದೇ ಕಾರಣಕ್ಕೆ ತೆಗೆಸಬೇಕಾಗಿಲ್ಲ. ಅಂಚಿನಲ್ಲಿ ಹುಳುಕು, ಬಿರುಕು, ತೂತು, ಮತ್ತೆ ಮತ್ತೆ ಕಳಚುವುದು, ಇವು ಕಾರಣಗಳು. ಬರೀ ಕಪ್ಪು ಗೆರೆ ಕಾಣುತ್ತಿದೆ, ವಸಡು ಆರೋಗ್ಯವಾಗಿದೆ, ಎಕ್ಸ್‌ರೇ ಚೆನ್ನಾಗಿದೆ ಎಂದಾದರೆ ಅದು ಅಂದದ ಪ್ರಶ್ನೆ ಮಾತ್ರ. ಹೊಸ ಕ್ಲಿನಿಕ್ಕಿನಲ್ಲಿ "ನಿಮ್ಮ ಹಳೇ ಕ್ಯಾಪ್ ಎಲ್ಲ ಬದಲಾಯಿಸಬೇಕು" ಎಂದರೆ ಒಂದೊಂದರ ಎಕ್ಸ್‌ರೇ ತೋರಿಸಿ ಕಾರಣ ಹೇಳಲು ಕೇಳಿ. ಅದೇ ಎಕ್ಸ್‌ರೇ ಹಿಡಿದು ಇನ್ನೊಬ್ಬ ಡಾಕ್ಟರನ್ನೂ ಕೇಳಬಹುದು, ಯಾರೂ ಬೇಜಾರು ಮಾಡಿಕೊಳ್ಳಬಾರದು.